ಕುರಿ ಶೆಡ್ಡಿನ ವಿಮಾನ, ಗದ್ವಾಲದ ಭಂಡಾರ

ಈಗ ಮಖ್ತಲ್ ಬಸ್ ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಕೂತವರು ನಮ್ಮೂರ ಹುಡುಗಿ, ನಮ್ಮೂರ ವಿಮಾನ ಎಂದು ಎದೆ ಉಬ್ಬಿಸಿ ಮಾತಾಡುತ್ತಾರೆ. ನಾನು ಕೈಚೀಲ ಹಿಡಿದು ಆ ದಾರಿಯಲ್ಲಿ ಹೋದರೆ ಎದ್ದು ನಿಂತು ಜಾಗ ಬಿಡುತ್ತಾರೆ. ಬಿಡಲಿ. ಇದೇ ಬಾಯಿಗಳು ಮೊದಲು ಏನೇನು ಅಂದಿದ್ದವು ಎಂಬುದು ನನಗೆ ಚೆನ್ನಾಗಿ ನೆನಪಿದೆ. ಅವರಲ್ಲೊಬ್ಬ ನಮ್ಮ ಶೆಡ್ಡಿನ ಬಾಗಿಲಿಗೆ ಒರಗಿ ನಿಂತು, ಬೇವಿನ ಕಡ್ಡಿ ಅಗಿಯುತ್ತಾ, "ಇದು ನೆಲಾ ಬಿಟ್ಟು ಮ್ಯಾಲ ಎದ್ದರ ನನ್ನ ಮೀಸಿ ಬೋಳಿಸ್ತೀನಿ ನೋಡ್ರಿ" ಅಂದಿದ್ದ. ಅವನ ಮೀಸೆ ಇವತ್ತಿಗೂ ಅವನ ಮೂಗಿನ ಕೆಳಗೇ ಇದೆ. ಇಡೀ ಮಖ್ತಲ್‌ನಲ್ಲಿ ಅವನಿಗೆ ಒಬ್ಬ ಕ್ಷೌರದವನು ಸಿಕ್ಕಿಲ್ಲವೇನೋ.

ವಿಮಾನ ಕಟ್ಟಿದವಳು ನನ್ನ ಮಗಳ ಮಗಳು. ಇದನ್ನು ಹೇಳುವಾಗ ನನಗೆ ಹಿಗ್ಗು ತಡೆಯುವುದಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ನನ್ನ ಮಗಳನ್ನು ಗದ್ವಾಲಕ್ಕೆ ಕೊಟ್ಟಿದ್ದೇವೆ. ಅವಳ ಮಗಳಿಗೆ ಹೈದರಾಬಾದಿನಲ್ಲಿ ವಿಮಾನ ರಿಪೇರಿ ಮಾಡುವ ಕಡೆ ನೌಕರಿ. ಅಲ್ಲಿದ್ದುಕೊಂಡೇ ರಜೆಯ ದಿನಗಳಲ್ಲಿ ಹಾರಿಸುವುದನ್ನು ಕಲಿತು ಲೈಸೆನ್ಸ್ ತೆಗೆದುಕೊಂಡಳು. ಆಮೇಲೆ ಒಂದು ದಿನ ನನ್ನ ಹತ್ತಿರ ಬಂದು ಕೂತು, "ಆಯಿ, ನಾ ಒಂದು ವಿಮಾನ ಕಟ್ಟಬೇಕು" ಅಂದಳು. ಬೇರೆ ಹುಡುಗಿಯರು ತಮ್ಮ ಆಯಿಯ ಹತ್ತಿರ ಕೂತು ಒಂದು ಸೀರೆ ಬೇಕು ಎನ್ನುವ ಹಾಗೆಯೇ ಅಂದಳು.

ಬಿಡಿ ಸಾಮಾನು ಹೊರದೇಶದಿಂದ ಪೆಟ್ಟಿಗೆಗಳಲ್ಲಿ ಬರುತ್ತದಂತೆ. ಪೈಪು, ರೆಕ್ಕೆಯ ಪಕ್ಕೆಲುಬು, ಬಟ್ಟೆ, ಗಾಲಿ, ಎಂಜಿನ್, ಒಂದೊಂದಾಗಿ ನಾವೇ ಜೋಡಿಸಬೇಕು. ಅದಕ್ಕೆ ಕಿಟ್ ಎನ್ನುತ್ತಾರೆ. ಎಲ್ಲ ಮುಗಿದ ಮೇಲೆ ಸರಕಾರದ ಕಡೆಯಿಂದ ಒಬ್ಬ ಸಾಹೇಬರು ಬಂದು ನೋಡಿ ದಸ್ಕತ್ತು ಹಾಕಬೇಕು. ದಸ್ಕತ್ತು ಬಿದ್ದರೆ ಅದು ವಿಮಾನ, ಬೀಳದಿದ್ದರೆ ಶೆಡ್ಡಿನಲ್ಲಿ ನಿಲ್ಲಿಸಿದ ಪೈಪು. ಇದನ್ನು ಅವಳು ನನಗೆ ಮೊದಲ ದಿನವೇ ಬಿಡಿಸಿ ಹೇಳಿದ್ದಳು. ತಾನು ಕಟ್ಟಿದ್ದನ್ನು ತಾನೇ ಹಾರಿಸಬೇಕು ಎಂಬುದೊಂದೇ ಅವಳ ಆಸೆ. ಬೇರೆ ಯಾವುದರ ಮೇಲೂ ಅವಳಿಗೆ ಅಷ್ಟು ಮನಸ್ಸು ಹೋದದ್ದನ್ನು ನಾನು ನೋಡಿಲ್ಲ.

ಕಟ್ಟಲು ಜಾಗ ಬೇಕಲ್ಲ. ಗದ್ವಾಲದಲ್ಲಿ ಅವಳ ತಂದೆಯ ಮನೆಗೆ ದೊಡ್ಡ ಹಿತ್ತಲಿದೆ. ಅಲ್ಲಿ ಯಜಮಾನಿಕೆ ನನ್ನ ಬೀಗತಿಯದು, ಎಂದರೆ ಹುಡುಗಿಯ ತಂದೆಯ ತಾಯಿ. ಅವರೂ ನಮ್ಮಂತೆ ಬೀರಪ್ಪನ ಒಕ್ಕಲು. ಆದರೆ ಕುರಿ ಬಿಟ್ಟು ಸೀರೆ ವ್ಯಾಪಾರಕ್ಕೆ ಇಳಿದ ಮೇಲೆ ಆ ಮನೆಯವರಿಗೆ ಕುರಿಯ ವಾಸನೆ ಆಗುವುದಿಲ್ಲ. ನಮ್ಮ ಮನೆಗೆ ಬಂದರೆ ಬೀಗತಿ ಸೆರಗನ್ನು ಮೂಗಿಗೆ ಹಿಡಿದುಕೊಂಡೇ ಊಟ ಮಾಡುತ್ತಾಳೆ. ಅದು ಹೇಗೆ ಮಾಡುತ್ತಾಳೋ ನನಗೆ ಇವತ್ತಿಗೂ ತಿಳಿದಿಲ್ಲ. ಮೊಮ್ಮಗಳು ಹಿತ್ತಲು ಕೇಳಿದಾಗ ಅವಳು ಅಂದದ್ದು ಹೀಗೆ: "ನಮ್ಮ ಹಿತ್ತಲದಾಗ ಗಿರಾಕಿಗಳು ಬಂದು ಕುಂದರ್ತಾರ. ಅಲ್ಲಿ ಹದ್ದಿನ ಗೂಡು ಕಟ್ಟಾಕ ಜಾಗಾ ಇಲ್ಲವ್ವ. ನಿಮ್ಮ ಮಖ್ತಲ್ ಆಯಿಗಿ ಕೇಳು, ಅವರ ಕಡಿ ಕುರಿ ಶೆಡ್ ಐತಲ್ಲ."

ಚುಚ್ಚಲೆಂದೇ ಅಂದ ಮಾತು ಅದು. ನಾನು ಮರುದಿನವೇ ನನ್ನ ಮಗನಿಗೆ ಹೇಳಿ ಕುರಿಗಳನ್ನೆಲ್ಲ ಹೊಲದ ಕಡೆಯ ದೊಡ್ಡಿಗೆ ಹೊಡೆಸಿದೆ. ಊರ ಹೊರಗಿನ ತಗಡಿನ ಶೆಡ್ಡು ಖಾಲಿ ಮಾಡಿ, ನೆಲ ಕೆರೆಸಿ, ಸಿಮೆಂಟು ಹಾಕಿಸಿದೆ. ವಾಸನೆ ಮಾತ್ರ ಹೋಗಲಿಲ್ಲ. ವಿಮಾನಕ್ಕೆ ಮೂಗಿಲ್ಲವಲ್ಲ, ಅದು ತಕರಾರು ಮಾಡಲಿಲ್ಲ.

ಪೆಟ್ಟಿಗೆಗಳು ಲಾರಿಯಲ್ಲಿ ರಾಯಚೂರಿನ ಕಡೆಯಿಂದ ಬಂದವು. ನೋಡಲು ನೆರೆದ ಮಂದಿಗೆ ಪೆಟ್ಟಿಗೆ ಒಡೆದಾಗ ಬಹಳ ನಿರಾಸೆಯಾಯಿತು. ಅವರೆಲ್ಲ ಒಳಗಿಂದ ವಿಮಾನ ಹೊರಗೆ ಬರುತ್ತದೆ ಎಂದುಕೊಂಡಿದ್ದರು. ಬಂದದ್ದು ಪೈಪು, ತಗಡು, ಪೊಟ್ಟಣ ಪೊಟ್ಟಣ ಮೊಳೆ. "ಇದಕ್ಯಾಕ ಹೊರದೇಶದಿಂದ ತರಿಸಬೇಕಿತ್ತರೀ, ನಮ್ಮ ಗುಜರಿ ಅಂಗಡ್ಯಾಗ ಇಲ್ಲೇನು" ಎಂದ ಒಬ್ಬ. ಆ ಮನುಷ್ಯನ ಮನೆಯ ಬಾಗಿಲಿಗೆ ಚಿಲಕ ಹಾಕಿ ಕೊಡುವವರಿಲ್ಲದೆ ಎಷ್ಟೋ ಕಾಲದಿಂದ ಹಗ್ಗ ಕಟ್ಟಿಕೊಂಡಿದ್ದಾನೆ. ಅವನು ವಿಮಾನಕ್ಕೆ ಬುದ್ಧಿ ಹೇಳಿದ.

ಅಲ್ಲಿಂದ ಅವಳಿಗೆ ಅದೇ ಕೆಲಸ. ರಜೆ ಸಿಕ್ಕಿತೆಂದರೆ ಹೈದರಾಬಾದಿನಿಂದ ಬಸ್ ಹತ್ತಿ ಬರುವಳು, ಬಂದವಳೇ ಚಪ್ಪಲಿಯನ್ನೂ ಬಿಡದೆ ಶೆಡ್ಡಿಗೆ. ರಂಧ್ರ ಕೊರೆಯುವುದು, ಅದರ ಅಂಚನ್ನು ಕೈಯಿಂದ ಸವರಿ ನಯ ಮಾಡುವುದು, ರಿವೆಟ್ ಹೊಡೆಯುವುದು, ತಪ್ಪಿದರೆ ಅದನ್ನೇ ಕೊರೆದು ತೆಗೆದು ಮತ್ತೆ ಹೊಡೆಯುವುದು. ಒಂದು ರಿವೆಟ್ ಸ್ವಲ್ಪ ಓರೆಯಾಗಿದ್ದಕ್ಕೆ ಅರ್ಧ ದಿನ ಅದರ ಮುಂದೆ ಕೂತಿದ್ದಳು. "ಯಾರಿಗಿ ಕಾಣತೈತಿ ಬಿಡು" ಎಂದೆ. "ನನಗ ಕಾಣತೈತಲ್ಲ ಆಯಿ" ಎಂದಳು. ನಾನು ರೊಟ್ಟಿ ತಟ್ಟೆ ಅಲ್ಲೇ ಇಟ್ಟು ಬಂದೆ.

ಪೈಪಿನ ಎಲುಬುಗೂಡು ನಿಂತ ಮೇಲೆ ಬಟ್ಟೆ ಹೊದಿಸುವ ಕೆಲಸ ಬಂತು. ವಿಮಾನದ ರೆಕ್ಕೆಗೆ ಬಟ್ಟೆ ಎಂದು ಗೊತ್ತಾದದ್ದೇ ತಡ, ಗದ್ವಾಲದಿಂದ ಬೀಗತಿ ಹೊರಟು ಬಂದಳು. ಬಟ್ಟೆಯ ವಿಚಾರದಲ್ಲಿ ತಾನಿಲ್ಲದೆ ಏನೂ ನಡೆಯಬಾರದು ಎಂಬುದು ಅವಳ ಲೆಕ್ಕ. ಶೆಡ್ಡಿನೊಳಗೆ ಸೆರಗು ಮೂಗಿಗೆ ಹಿಡಿದೇ ಬಂದು, ಇನ್ನೊಂದು ಕೈಯಿಂದ ಬಟ್ಟೆಯ ಅಂಚನ್ನು ಹಿಡಿದು ಎರಡು ಬೆರಳ ನಡುವೆ ಉಜ್ಜಿದಳು.

"ಅಂಚಿಲ್ಲ, ಸೆರಗಿಲ್ಲ, ಏನ್ ಅರಬೀರಿ ಇದು. ಹೆಣಕ್ಕ ಹೊದಸೂ ಬಟ್ಟಿ ಇದಕ್ಕಿಂತ ಚಲೋ ಇರ್ತೈತಿ."

ಶುಭ ಕೆಲಸ ನಡೆದ ಜಾಗದಲ್ಲಿ ಆಡುವ ಮಾತೇ ಅದು. ನನ್ನ ಬಾಯಿಗೆ ಬಂದದ್ದನ್ನು ನಾನು ಅಂದುಬಿಡುತ್ತಿದ್ದೆ. ಆದರೆ ಮೊಮ್ಮಗಳು ನಗುತ್ತಾ, "ಗದ್ವಾಲ ಆಯಿ, ಸೆರಗು ಹಚ್ಚಿದ್ರ ಗಾಳ್ಯಾಗ ಹರಿದು ಹೋಗ್ತೈತಿ" ಎಂದಳು.

"ಹರಿಯೂದೇನು, ನಮ್ಮ ಸೀರಿ ಹರಿದದ್ದು ಯಾರರ ನೋಡೀರೇನು?" ಎಂದು ಬೀಗತಿ ನನ್ನ ಕಡೆ ತಿರುಗಿದಳು. "ಏನ್ರೀ ಬೀಗತಿ, ಕುರಿ ಹೊರಗ ಹಾಕಿ ಹುಡುಗೀನ್ ಒಳಗ ಕಟ್ಟೀರಲ್ಲ."

"ಕುರಿ ಹೇಳಿದ ಮಾತು ಕೇಳ್ತಾವ್ರಿ, ಅದಕ್ಕ ಹೊರಗ ಬಿಟ್ಟೀನಿ. ನಿಮ್ಮ ಮೊಮ್ಮಗಳು ಕೇಳಂಗಿಲ್ಲ."

"ನಮ್ಮ ಮೊಮ್ಮಗಳು ಅಂದ್ರಿ ನೋಡ್ರಿ, ಅದು ನೆನಪಿರ್ಲಿ."

ಹೀಗೆ ನಮ್ಮ ಮಾತು. ಬೀಗರ ನಡುವೆ ಇದು ಜಗಳವಲ್ಲ, ಬರಿ ಉಪಚಾರ. ಜಗಳ ಬೇರೆ ಇರುತ್ತದೆ.

ಬಟ್ಟೆಯನ್ನು ಅಂಟು ಹಚ್ಚಿ ರೆಕ್ಕೆಗೆ ಕೂಡಿಸಿದಾಗ ಅದು ಮಳೆಯಲ್ಲಿ ನೆನೆದ ಗುಡಾರದಂತೆ ಜೋತುಬಿದ್ದಿತ್ತು. ನೋಡಲು ಬಂದವರಿಗೆ ಅಂದು ಹಬ್ಬ. ಆಮೇಲೆ ಅವಳು ಇಸ್ತ್ರಿ ಪೆಟ್ಟಿಗೆ ಹಚ್ಚಿದಳು. ಬಿಸಿ ತಾಗಿದಂತೆ ಬಟ್ಟೆ ತಾನೇ ಬಿಗಿದುಕೊಳ್ಳುತ್ತಾ ಬಂತು. ಬೀರಪ್ಪನ ಡೊಳ್ಳನ್ನು ಬೆಂಕಿಯ ಮುಂದೆ ಹಿಡಿದು ಕಾಸುತ್ತಾರಲ್ಲ, ಚರ್ಮ ಬಿಗಿದು ನಾದ ಬರುವುದು, ಹಾಗೆಯೇ. ನಾನು ಬೆರಳಿನಿಂದ ಬಡಿದು ನೋಡಿದೆ. ಢಂ ಎಂದಿತು. ಅಂದು ನನಗೆ ಮೊದಲ ಸಲ ಇದು ಹಾರುತ್ತದೆ ಎನಿಸಿತು. ಅಲ್ಲಿಯವರೆಗೆ ಹುಡುಗಿಯ ಮೇಲೆ ನಂಬಿಕೆ ಇತ್ತು, ಪೈಪಿನ ಮೇಲೆ ಇರಲಿಲ್ಲ.

ಎಂಜಿನ್ ಕೂತಿತು, ಮರದ ಪಂಖ ಕೂತಿತು. ಇನ್ನು ಒಳಗಿನ ಸಾಮಾನು ಹೊಂದಿಸುವುದು: ಮೀಟರುಗಳು, ಮಾತಾಡುವ ರೇಡಿಯೊ, ಸೀಟು, ಪಟ್ಟಿ. ಈ ಹೊತ್ತಿಗೆ ಊರಿನವರೆಲ್ಲ ಜಾಣರಾಗಿಬಿಟ್ಟಿದ್ದರು. ಟ್ರ್ಯಾಕ್ಟರಿಗೆ ಕುಚ್ಚು ಕಟ್ಟಿ, ಹಿಂದೆ ಶಾಯರಿ ಬರೆಸಿ, ಮುಂದೆ ದೇವರ ಫೋಟೊ ಹಾಕಿಸಿ, ಹಾಡು ಕೇಳಲು ಪೆಟ್ಟಿಗೆ ಇಡಿಸಿಕೊಂಡು ತಿರುಗುವ ಮಂದಿ ನಮ್ಮವರು. ವಿಮಾನಕ್ಕೂ ಹಾಗೆ ಆಗಬೇಕು ಎಂಬುದು ಅವರ ಸಲಹೆ. ಕೃಷ್ಣಾ ಊರಿನಿಂದ ಬಂದ ನಮ್ಮ ನೆಂಟರೊಬ್ಬರು ಸುತ್ತಲೂ ತಿರುಗಿ ನೋಡಿ, "ಎಲ್ಲಾ ಬರೊಬ್ಬರಿ ಐತಿ. ಹಾರನ್ ಎಲ್ಲೈತವ್ವ?" ಎಂದರು.

"ಮ್ಯಾಲ ಯಾರಿಗಿ ಹೊಡೀಲಿ ಕಾಕಾ, ಹದ್ದಿಗೇನು?"

"ಹಂಗಲ್ಲ, ಇರಬೇಕು ಒಂದು. ಗಾಡಿ ಅಂದಮ್ಯಾಲ."

ಹುಡುಗಿ ಮಾತ್ರ ಯಾವ ಸಾಮಾನನ್ನೂ ತೂಕ ಮಾಡದೆ ಒಳಗೆ ಬಿಡಲಿಲ್ಲ. ಸೀಟಿನ ಮೇಲೆ ಹಾಸಲಿ ಎಂದು ನಾನು ನಮ್ಮ ಮನೆಯ ಕರಿ ಕಂಬಳಿ ಕೊಟ್ಟೆ. ಅದನ್ನೂ ತೂಕದ ಮೇಲಿಟ್ಟು, ಮಡಚಿ ನನ್ನ ಹೆಗಲ ಮೇಲೆ ಹಾಕಿ, "ಇದು ಹತ್ತಿದ್ರ ಅಷ್ಟು ಪೆಟ್ರೋಲ್ ಇಳಿಬೇಕಾಗ್ತೈತಿ ಆಯಿ" ಎಂದಳು. ಕಂಬಳಿ ಬೇಡವೆಂದವಳು ನಮ್ಮ ವಂಶದಲ್ಲಿ ಇವಳೇ ಮೊದಲು. ಹೇಳಿದ್ದು ಇವಳಾದ್ದರಿಂದ ಕಂಬಳಿಯನ್ನು ಮರಳಿ ಮನೆಗೆ ಒಯ್ದೆ.

ಎಡ ರೆಕ್ಕೆಯ ಕೆಳಗೆ ಒಂದು ಸಣ್ಣ ಕೊಳವೆ ಹಾಕಿದ್ದಳು. ರೆಕ್ಕೆಯಿಂದ ಕೆಳಗಿಳಿದು, ಮುಂದಕ್ಕೆ ಬಾಗಿ, ಗೇಣುದ್ದ ಚಾಚಿಕೊಂಡಿತ್ತು. ಮುಂದಿನ ತುದಿಯಲ್ಲಿ ಜೋಳದ ಕಾಳು ಹೋಗುವಷ್ಟು ತೂತು. ಅದು ಏನೆಂದು ನಾನು ಕೇಳಿದೆ.

"ಓಡುವಾಗ ಇದರ ಬಾಯಾಗ ಗಾಳಿ ಹೊಕ್ಕೈತಿ. ಎಷ್ಟು ಜೋರಾಗಿ ಹೊಕ್ಕೈತಿ ಅನ್ನೂದರ ಮ್ಯಾಲ ಒಳಗ ಸ್ಪೀಡಿನ ಮುಳ್ಳು ಏಳ್ತೈತಿ. ಸ್ಪೀಡ್ ಗೊತ್ತಿಲ್ಲಂದ್ರ ಏಳಾಕೂ ಬರಂಗಿಲ್ಲ, ಇಳಿಯಾಕೂ ಬರಂಗಿಲ್ಲ ಆಯಿ."

ಕಣಜದ ಹುಳ ಹೊಕ್ಕು ಗೂಡು ಕಟ್ಟದಿರಲಿ ಎಂದು ಅದಕ್ಕೆ ಕೆಂಪು ಬಟ್ಟೆಯ ಟೊಪ್ಪಿಗೆ ಹೊಲಿದು ಹಾಕಿದ್ದಳು. ಹುಳಕ್ಕೆ ಕಾವಲು ಇಟ್ಟಳು. ಮನುಷ್ಯರಿಗೆ ಇಡಲಿಲ್ಲ.

ಸಾಹೇಬರು ಬರುವ ದಿನ ಗೊತ್ತಾಯಿತು. ನಾರಾಯಣಪೇಟೆಯ ದಾರಿಯಲ್ಲಿ ಪರಿಚಯದವರೊಬ್ಬರ ಉದ್ದನೆಯ ಬೀಳು ಹೊಲವನ್ನು ಮಂಜೂರಿ ಮಾಡಿಸಿಕೊಂಡು, ರೋಲರ್ ಓಡಿಸಿ ಗಟ್ಟಿ ಮಾಡಿಸಿದ್ದಳು. ರೆಕ್ಕೆ ಮಡಚಿ, ಟ್ರ್ಯಾಕ್ಟರಿನ ಹಿಂದೆ ಕಟ್ಟಿಕೊಂಡು ವಿಮಾನವನ್ನು ಅಲ್ಲಿಗೆ ಒಯ್ದೆವು. ದಾರಿಯುದ್ದಕ್ಕೂ ಮಂದಿ ಫೋನು ಎತ್ತಿ ಹಿಡಿದು ಹಿಂದೆ ಹಿಂದೆ ಬಂದರು. ಕೋಸಗಿಯಿಂದಲೂ ಜೀಪು ಮಾಡಿಕೊಂಡು ಬಂದವರಿದ್ದರು. ಹಾರುವುದನ್ನು ನೋಡಲು ಬಂದಿದ್ದಾರೆಂದು ಯಾರೂ ತಿಳಿಯಬೇಡಿ. ಬೀಳುವುದನ್ನು ನೋಡಲು ಬಂದಿದ್ದರು.

ಬೀಗತಿಯೂ ಬಂದಳು. ಹೊಸ ಗದ್ವಾಲ ಸೀರೆ ಉಟ್ಟು, ಮಗ ಸೊಸೆಯನ್ನು ಹಿಂದಿಟ್ಟುಕೊಂಡು, ಕೈಯಲ್ಲಿ ಭಂಡಾರದ ಚೀಲ ಹಿಡಿದು ಬಂದಳು. ಭಂಡಾರ ಎಂದರೆ ದೇವರ ಅರಿಶಿನ ಪುಡಿ, ಬೀರಪ್ಪನಿಗೂ ಮೈಲಾರನಿಗೂ ನಡೆಯುವಂಥದ್ದು. ಮನೆಗೆ ಹೊಸದೇನು ಬಂದರೂ ಅದರ ಮೇಲೆ ಭಂಡಾರ ಬೀಳಬೇಕು, ಮೊದಲ ಹಿಡಿ ತಂದೆಯ ಮನೆಯ ಹಿರಿಯರದ್ದು. ಹಿತ್ತಲು ಕೊಡದ ಕೈಗೆ ಆ ದಿನ ಹಕ್ಕು ನೆನಪಾಗಿತ್ತು.

"ಬರ್ರಿ ಬೀಗತಿ, ಹದ್ದಿನ ಗೂಡು ನೋಡಾಕ ಬಂದ್ರೇನು?" ಎಂದೆ.

"ನಮ್ಮ ಮನಿ ಹುಡುಗಿ ಕೆಲಸಕ್ಕ ನಾವು ಬರಲಾರದ ಯಾರು ಬರ್ತಾರ್ರಿ?" ಎಂದಳು, ನಾಚಿಕೆ ಒಂದಿಷ್ಟೂ ಇಲ್ಲದೆ.

ಮೊಮ್ಮಗಳು ಇಬ್ಬರ ಮುಂದೆಯೂ ನಿಂತು, "ಭಂಡಾರ ಗಾಲಿಗಿ ಅಷ್ಟ ಹಚ್ಚ್ರಿ. ಬ್ಯಾರೆ ಎಲ್ಲೂ ಮುಟ್ಟಬ್ಯಾಡ್ರಿ. ನಾ ಎಲ್ಲಾ ಚೆಕ್ ಮಾಡೀನಿ" ಎಂದು ಹೇಳಿ, ಕೆಂಪು ಟೊಪ್ಪಿಗೆಯನ್ನು ಕಳಚಿ ಜೇಬಿಗೆ ಹಾಕಿಕೊಂಡು, ಸಾಹೇಬರ ಜೊತೆ ಹುಣಸೆ ಮರದ ಕೆಳಗೆ ಕಾಗದ ತೋರಿಸಲು ಹೋದಳು. ಸಾಹೇಬರು ಹೈದರಾಬಾದಿನವರು, ತೆಲುಗಿನಲ್ಲಿ ಮೆಲ್ಲಗೆ ಮಾತಾಡುವ ಮನುಷ್ಯ. ನಾನು ಅವರಿಗೆ ಮಜ್ಜಿಗೆ ಕೊಡಲು ಹೋದೆ.

ಮಜ್ಜಿಗೆ ಕೊಟ್ಟು ತಿರುಗುವಷ್ಟರಲ್ಲಿ ಇತ್ತ ಏನು ನಡೆದಿತ್ತು ಎಂಬುದು ಆಮೇಲೆ ತಿಳಿಯಿತು. ದೇವರ ಭಂಡಾರವನ್ನು ನೆಲಕ್ಕೆ ತಾಗುವ ಗಾಲಿಗೆ ಹಚ್ಚುವುದೆಂದರೆ ಬೀಗತಿಗೆ ಅಪಮಾನವೆನಿಸಿತ್ತು. ಹಣೆಗೆ ಹಚ್ಚೋಣವೆಂದರೆ ಹಣೆಯ ಜಾಗದಲ್ಲಿ ಪಂಖವಿದೆ. ಹಾಗಾದರೆ ಕೊಂಬಿಗೆ. ಹೊಸ ಟಗರು ಮನೆಗೆ ಬಂದರೆ ಭಂಡಾರವನ್ನು ಎಣ್ಣೆಯಲ್ಲಿ ಕಲಸಿ ಅದರ ಕೊಂಬಿನ ತುದಿಗೆ ಮೆತ್ತುವುದು ನಮ್ಮಲ್ಲಿ ರೂಢಿ. ಕೊಂಬು ಸೀಳಬಾರದು, ದೃಷ್ಟಿ ತಾಗಬಾರದು ಎಂದು. ಅವಳು ವಿಮಾನದ ಸುತ್ತ ಬಂದು ಕೊಂಬು ಹುಡುಕಿದಳು. ಎಡ ರೆಕ್ಕೆಯ ಕೆಳಗೆ, ಮುಂದಕ್ಕೆ ಬಾಗಿ, ಚೂಪಾಗಿ, ಒಂದೇ ಒಂದು ಸಿಕ್ಕಿತು. ಎಣ್ಣೆಯ ಶೀಸೆ ಅವಳ ಚೀಲದಲ್ಲೇ ಇತ್ತು. ಅಂಗೈಯಲ್ಲಿ ಕಲಸಿ, ಕಣ್ಣು ಮುಚ್ಚಿ ಬೀರಪ್ಪನನ್ನು ನೆನೆದು, ತುದಿಗೆ ಒತ್ತಿ ಒತ್ತಿ ಮೆತ್ತಿದಳು. ಕುರಿಯ ವಾಸನೆ ಆಗದವಳಿಗೆ ಟಗರು ಮಾತ್ರ ಎಷ್ಟು ಚೆನ್ನಾಗಿ ನೆನಪಿತ್ತು ನೋಡಿ.

ಕಾಗದ ಮುಗಿದವು. ಸಾಹೇಬರು ವಿಮಾನದಲ್ಲಿ ಹುಡುಗಿಯ ಪಕ್ಕದ ಸೀಟಿನಲ್ಲಿ ಕೂತರು. ಮೊದಲು ನೆಲದ ಮೇಲೆಯೇ ಜೋರಾಗಿ ಓಡಿಸಿ ತೋರಿಸಬೇಕು, ಅದು ಸರಿಹೋದರೆ ದಸ್ಕತ್ತು. ಎಂಜಿನ್ ಹೊತ್ತಿತು. ನಮ್ಮೆಲ್ಲರ ಸೆರಗು, ರುಮಾಲು ಹಾರಿದವು. ವಿಮಾನ ಧೂಳೆಬ್ಬಿಸಿ ಓಡಿತು, ಹೊಲದ ಆ ತುದಿಗೆ ಹೋಯಿತು, ಅಲ್ಲೇ ನಿಂತು, ನಿಧಾನವಾಗಿ ತೆವಳಿಕೊಂಡು ಮರಳಿ ಬಂತು. ಎಂಜಿನ್ ಆರಿತು. ಹುಡುಗಿಯ ಮುಖ ನೋಡಿದರೆ ಏನೋ ಆಗಿದೆ ಎಂದು ಗೊತ್ತಾಗುವಂತಿತ್ತು.

ಮುಳ್ಳು ಎದ್ದಿರಲಿಲ್ಲ. ಅಷ್ಟು ಜೋರಾಗಿ ಓಡಿದರೂ ಸ್ಪೀಡಿನ ಮುಳ್ಳು ಸೊನ್ನೆಯ ಮೇಲೆಯೇ ಮಲಗಿತ್ತು. ಸಾಹೇಬರು ಕೆಳಗಿಳಿದು, ಬೇಸರವನ್ನೂ ತೋರಿಸದೆ, ಇವತ್ತು ಆಗುವುದಿಲ್ಲಮ್ಮಾ, ಇದನ್ನು ಸರಿಮಾಡಿ ಇನ್ನೊಮ್ಮೆ ಅರ್ಜಿ ಹಾಕು ಎಂದರು. ಇನ್ನೊಮ್ಮೆ ಎಂದರೆ ಯಾವಾಗ ಎಂದು ಅವಳು ಕೇಳಿದಳು. ಅದನ್ನು ನಾನು ಹೇಳಲಾರೆ ಎಂದರು. ಅವರು ಬರುವಂತೆ ಮಾಡಲು ಅವಳು ಎಷ್ಟು ಕಾಲ ಓಡಾಡಿದ್ದಳು ಎಂಬುದು ನನಗೆ ಗೊತ್ತು.

ಮಂದಿಯಲ್ಲಿ ಗುಸುಗುಸು ಎದ್ದಿತು. "ಹೇಳಿದ್ನಲ್ಲ ನಾನು" ಎಂದ ಮೀಸೆಯವನು. ಅವನ ಮುಖದ ಮೇಲಿನ ಸಂತೋಷ ನೋಡಬೇಕಿತ್ತು. ಸ್ವಂತ ಮಗನಿಗೆ ನೌಕರಿ ಸಿಕ್ಕಾಗಲೂ ಅವನು ಅಷ್ಟು ನಕ್ಕಿರಲಿಲ್ಲ.

ಹುಡುಗಿ ಯಾರನ್ನೂ ನೋಡಲಿಲ್ಲ. ನೇರ ಎಡ ರೆಕ್ಕೆಯ ಕೆಳಗೆ ಹೋಗಿ ಬಗ್ಗಿದಳು. ಕೊಳವೆಯ ತುದಿಗೆ ಬೆರಳು ಮುಟ್ಟಿಸಿ, ಬೆರಳನ್ನು ಮೂಸಿದಳು. ಬೆರಳು ಹಳದಿ, ಎಣ್ಣೆಯ ಘಮ.

"ಯಾರು ಹಚ್ಚಿದ್ದು ಇದು?"

ಅಂದು ಅಲ್ಲಿದ್ದವರೆಲ್ಲರ ಕೈಯೂ ಹಳದಿಯೇ. ಮಜ್ಜಿಗೆ ಕೊಟ್ಟು ಬಂದು ಗಾಲಿಗೆ ಹಚ್ಚಿದ್ದರಿಂದ ನನ್ನದೂ ಹಳದಿ. ಬೀಗತಿ ಸುಮ್ಮನಿದ್ದರೆ ನಡೆಯುತ್ತಿತ್ತು, ಗುಂಪಿನಲ್ಲಿ ಯಾರೋ ಎಂದು ಮುಚ್ಚಿ ಹೋಗುತ್ತಿತ್ತು. ನಾನಂತೂ ಅವಳು ಸುಮ್ಮನಿರುತ್ತಾಳೆಂದೇ ತಿಳಿದಿದ್ದೆ.

"ನಾ ಹಚ್ಚಿದ್ದು" ಎಂದಳು ಬೀಗತಿ. ಸೆರಗು ಮೂಗಿನ ಮೇಲಿರಲಿಲ್ಲ. "ಅದು ಕೊಂಬಲ್ಲೇನವ್ವ?"

ಟ್ರ್ಯಾಕ್ಟರಿನ ಡ್ರೈವರ್ ಮುಂದೆ ಬಂದು, "ಅಷ್ಟೇ ಏನ್ರಿ? ಸರೀರಿ, ನಾ ಒಂದ್ ಸಲಾ ಊದಿದ್ರ ಆತು" ಎನ್ನುತ್ತಾ ಕೊಳವೆಗೆ ಬಾಯಿ ಹಚ್ಚಲು ಬಗ್ಗಿದ. ಹುಡುಗಿ ಅವನ ಅಂಗಿ ಹಿಡಿದು ಹಿಂದಕ್ಕೆಳೆದಳು. ಹಾಗೆ ಊದಿದರೆ ಒಳಗಿನ ಮೀಟರೇ ಹೋಗುತ್ತದಂತೆ. ನಮ್ಮ ಕಡೆಯ ಗಂಡಸರಿಗೆ ಏನು ಕೆಟ್ಟರೂ ಎರಡೇ ಔಷಧ, ಒಂದು ಊದುವುದು, ಇನ್ನೊಂದು ಒದೆಯುವುದು. ಅವನು ಒದೆಯುವ ಮೊದಲೇ ಅವನನ್ನು ದೂರ ಕಳಿಸಿದೆ.

ಅವಳು ಸಾಹೇಬರ ಕಡೆ ತಿರುಗಿ, ಬಿಸಿಲು ಇಳಿಯುವವರೆಗೆ ಇರುತ್ತೀರಾ ಎಂದು ಕೇಳಿದಳು. ಸಾಹೇಬರು ಕೊಳವೆಯನ್ನು ನೋಡಿದರು, ಬೀಗತಿಯ ಕೈ ನೋಡಿದರು, ಹುಣಸೆ ಮರದ ಕೆಳಗೆ ಹೋಗಿ ಕುರ್ಚಿಯಲ್ಲಿ ಕೂತರು. ಹೂಂ ಅನ್ನಲಿಲ್ಲ, ತಾವು ಬಂದ ಜೀಪಿನ ಕಡೆಯೂ ಹೋಗಲಿಲ್ಲ.

ಕೊಳವೆಯನ್ನು ಬುಡದಿಂದ ಬಿಚ್ಚಿದಳು. ಎಣ್ಣೆಯ ಭಂಡಾರ ಒಳಗೆ ಬಾಗಿದ ಜಾಗದವರೆಗೂ ಹೋಗಿ ಕೂತಿತ್ತು. ಒತ್ತಿ ಒತ್ತಿ ಮೆತ್ತಿದ್ದಳಲ್ಲ ಮಹಾತಾಯಿ. ನನಗೆ ಅಲ್ಲಿಯವರೆಗೆ ತಡೆದುಕೊಂಡಿದ್ದದ್ದೆಲ್ಲ ಬಾಯಿಗೆ ಬಂತು. ಹಿತ್ತಲು, ಹದ್ದಿನ ಗೂಡು, ಹೆಣದ ಬಟ್ಟೆ, ಎಲ್ಲವನ್ನೂ ಸಾಲಾಗಿ ಅಂದುಬಿಡಬೇಕೆಂದು ಬೀಗತಿಯ ಮುಂದೆ ಹೋಗಿ ಸೊಂಟಕ್ಕೆ ಕೈ ಇಟ್ಟೆ.

"ಆಯಿ, ಬೈಯೂದು ಆಮ್ಯಾಲ" ಎಂದಳು ಮೊಮ್ಮಗಳು, ತಲೆ ಎತ್ತದೆ. "ಈ ತುದಿ ಹಿಡಿ. ಗದ್ವಾಲ ಆಯಿ, ನೀ ಆ ತುದಿ ಹಿಡಿ. ಅಳ್ಳಾಡಿಸಬ್ಯಾಡ್ರಿ."

ಹೀಗೆ ನಾವಿಬ್ಬರೂ ಮುದುಕಿಯರು ರೆಕ್ಕೆಯ ನೆರಳಿನಲ್ಲಿ ಎದುರುಬದುರು ಕೂತು, ಗೇಣುದ್ದದ ಕೊಳವೆಯನ್ನು ಇಬ್ಬರೂ ಹಿಡಿದುಕೊಂಡೆವು. ಮೊಮ್ಮಗಳು ಸೋಪಿನ ನೀರು ಬಿಟ್ಟು ಅಲ್ಲಾಡಿಸಿ ಚೆಲ್ಲಿದಳು, ಮತ್ತೆ ಬಿಟ್ಟಳು. ಆಮೇಲೆ ಸಣ್ಣ ತಂತಿಗೆ ಬಟ್ಟೆಯ ಚೂರು ಕಟ್ಟಿ, ಲಂಗಕ್ಕೆ ಲಾಡಿ ಏರಿಸಿದಂತೆ ಒಂದು ಕಡೆಯಿಂದ ತೂರಿಸಿ ಇನ್ನೊಂದು ಕಡೆಯಿಂದ ಎಳೆದಳು. ಹಳದಿಯಾಗಿ ಬಂತು. ಇನ್ನೊಂದು ಚೂರು ಕಟ್ಟಿದಳು. ಅದೂ ಹಳದಿ.

ಚೂರುಗಳು ಮುಗಿದವು. ಮೆತ್ತಗಿನ, ಎಳೆ ಬಿಡದ ಬಟ್ಟೆ ಬೇಕು ಎಂದಳು. ಬೀಗತಿ ಒಂದು ಕೈಯಲ್ಲಿ ಕೊಳವೆ ಹಿಡಿದೇ ಇನ್ನೊಂದು ಕೈಯಿಂದ ತನ್ನ ಹೊಸ ಸೀರೆಯ ಒಡಲನ್ನು ಮುಂದೆ ಚಾಚಿದಳು. ಗದ್ವಾಲ ಸೀರೆಗೆ ಅಂಚು ಸೆರಗು ರೇಷ್ಮೆ, ಒಡಲು ಹತ್ತಿ.

"ಕತ್ತರಿಸು."

"ಹೊಸಾದೈತಿ ಆಯಿ."

"ಹೊಸಾದಲ್ಲದ ಹಳೇದ ಉಟ್ಟು ಬಂದೀನೇನು? ಕತ್ತರಿಸಂತೀನಿ."

"ಹರಿಯೂದಿಲ್ಲ ಅಂತಿದ್ರಿ, ಕತ್ತರಿ ಹತ್ತತೈತೋ ಇಲ್ಲೋ ನೋಡ್ರಿ" ಎಂದೆ ನಾನು. ಬೈಯುವುದು ಆಮೇಲೆ ಎಂದು ಮೊಮ್ಮಗಳು ಅಂದಿದ್ದಳೇ ಹೊರತು ಮಾತೇ ಆಡಬೇಡ ಎಂದಿರಲಿಲ್ಲ.

ಬೀಗತಿ ನನ್ನನ್ನು ನೋಡಿದಳು. "ನಿಮ್ಮ ತುದಿ ಅಳ್ಳಾಡಾಕ ಹತ್ತೈತಿ, ಬರೊಬ್ಬರಿ ಹಿಡೀರಿ" ಎಂದಳು. ಅಳ್ಳಾಡುತ್ತಿದ್ದದ್ದು ಅವಳ ತುದಿ.

ಸೀರೆಯ ಚೂರುಗಳು ಒಂದರ ಹಿಂದೆ ಒಂದು ಹೋಗಿ ಬಂದವು. ಹಳದಿ ತೆಳುವಾಗುತ್ತಾ ಬಂತು. ಕಡೆಯ ಚೂರು ಹೋದ ಬಣ್ಣದಲ್ಲೇ ಹೊರಗೆ ಬಂತು. ಹುಡುಗಿ ಕೊಳವೆಯನ್ನು ಬಿಸಿಲಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿ, ಒಣಗಿಸಿ, ಮತ್ತೆ ಕೂಡಿಸಿ, ಮೀಟರಿನವರೆಗಿನ ಸಣ್ಣ ಪೈಪನ್ನೂ ಪರೀಕ್ಷೆ ಮಾಡಿ, ಸಾಹೇಬರನ್ನು ಕರೆದಳು.

ಇನ್ನೊಮ್ಮೆ ಓಡಿತು. ಮುಳ್ಳು ಎದ್ದಿತೋ ಇಲ್ಲವೋ ದೂರದಿಂದ ನಮಗೆ ಹೇಗೆ ಕಾಣಬೇಕು. ವಿಮಾನ ಮರಳಿ ಬಂದು ನಿಂತಾಗ ಸಾಹೇಬರು ಇಳಿದು, ಎಂಜಿನ್ ಮೂತಿಯ ಮೇಲೆಯೇ ಕಾಗದ ಹರಡಿ, ಜೇಬಿನಿಂದ ಪೆನ್ನು ತೆಗೆದರು. ಪಂಖದ ಪಕ್ಕದಲ್ಲಿ ನಿಂತು ದಸ್ಕತ್ತು ಹಾಕಿದರು. ಇನ್ನು ನೀನೊಬ್ಬಳೇ ಹೋಗಬೇಕಮ್ಮಾ, ಎರಡು ಸುತ್ತು ಹಾಕಿ ಇಳಿ ಎಂದರು.

ಅವಳು ಹೋದಳು. ಹೊಲದ ನಡುವೆ ಎಲ್ಲೋ ಗಾಲಿಗಳ ಕೆಳಗಿನ ಧೂಳು ನಿಂತಿತು. ಅದೊಂದೇ ಗುರುತು. ಧೂಳು ನಿಂತಿತು ಎಂದರೆ ನೆಲ ಬಿಟ್ಟಿದೆ ಎಂದು ತಿಳಿಯಲು ನನಗೆ ಒಂದು ಗಳಿಗೆ ಹಿಡಿಯಿತು. ಅಷ್ಟರಲ್ಲಿ ಅವಳು ಜಾಲಿ ಗಿಡಗಳ ಮೇಲಿದ್ದಳು, ಆಮೇಲೆ ಕರೆಂಟಿನ ಕಂಬಗಳ ಮೇಲಿದ್ದಳು. ಸುತ್ತ ನಿಂತವರೆಲ್ಲ ಬಾಯಿ ತೆರೆದು ಮೇಲೆ ನೋಡುತ್ತಿದ್ದರು. ನಾನು ಮೇಲೆ ನೋಡಿದೆ, ನಡುನಡುವೆ ಅವರ ಬಾಯಿಗಳನ್ನೂ ನೋಡಿದೆ. ಯಾವುದನ್ನು ಬಿಡಲಿ. ಎರಡೂ ಅಷ್ಟು ಚೆನ್ನಾಗಿದ್ದವು.

ಬೀಗತಿ ನನ್ನ ರಟ್ಟೆ ಹಿಡಿದಿದ್ದಳು, ಉಗುರು ಒಳಗೆ ಹೋಗುವ ಹಾಗೆ. "ಅಷ್ಟ್ಯಾಕ ಮ್ಯಾಲ ಹೋಗ್ಯಾಳ್ರಿ, ಸಾಕಂತ ಹೇಳ್ರಿ ಯಾರರ" ಎನ್ನುತ್ತಿದ್ದಳು. ಹೇಳುವುದು ಯಾರಿಗೆ, ಹೇಗೆ. ಆ ಗಳಿಗೆಯಲ್ಲಿ ನನಗೂ ಅದೇ ಅನಿಸಿತ್ತು. ಅವಳ ಮುಂದೆ ಒಪ್ಪಿಕೊಳ್ಳುವುದುಂಟೇ. "ಹಾರಾಕಂತ ಕಟ್ಟ್ಯಾಳ, ಹಾರ್ತಾಳ. ನೀವು ಕಣ್ಣು ಮುಚ್ಚಿಕೊಳ್ರಿ" ಎಂದೆ.

ಎರಡು ಸುತ್ತು ಹಾಕಿ ಇಳಿದಳು. ಗಾಲಿ ಒಮ್ಮೆ ಪುಟಿದು ಮತ್ತೆ ಕೂತಿತು. ಮಂದಿ ಕೂಗುತ್ತಾ ಓಡಿದರು, ಎಲ್ಲರಿಗಿಂತ ಮುಂದೆ ಮೀಸೆಯವನು. ಅವಳು ಯಾರ ಕೈಗೂ ಸಿಗದೆ ಎಂಜಿನ್ ಆರಿಸಿ, ಮೀಟರುಗಳನ್ನು ಒಂದೊಂದಾಗಿ ನೋಡಿ ಮುಗಿಸಿ, ಆಮೇಲೆ ಇಳಿದಳು. ನಮ್ಮ ಕಡೆ ಬಂದಳು. ಏನು ಹೇಳುತ್ತಾಳೋ ಎಂದು ನಾವಿಬ್ಬರೂ ಸೆರಗು ಸರಿಮಾಡಿಕೊಂಡು ನಿಂತೆವು.

"ಹಸಿವಾಗೈತಿ" ಎಂದಳು.

ಬೆಳಗಿನಿಂದ ಅವಳು ಏನೂ ತಿಂದಿರಲಿಲ್ಲ. ನನ್ನ ಬುತ್ತಿ ಟ್ರ್ಯಾಕ್ಟರಿನಲ್ಲಿತ್ತು, ನಾನು ಹೋಗಿ ತರುವಷ್ಟರಲ್ಲಿ ಬೀಗತಿ ತನ್ನ ಡಬ್ಬಿ ತೆರೆದು ಆಗಿತ್ತು. ಹುಡುಗಿ ರೆಕ್ಕೆಯ ಕೆಳಗೆ ನಿಂತುಕೊಂಡೇ ತಿಂದಳು. ಗದ್ವಾಲದ ರೊಟ್ಟಿ ದಪ್ಪ, ಪುಂಡಿಪಲ್ಯಕ್ಕೆ ಉಪ್ಪು ಹೆಚ್ಚು. ಅವಳು ಅದನ್ನೂ ತಿಂದಳು, ನನ್ನದನ್ನೂ ತಿಂದಳು. ಒಂದು ಮಂಡಿಯ ಹತ್ತಿರ ದೊಡ್ಡ ಕಂಡಿ ಬಿದ್ದ ಸೀರೆ ಉಟ್ಟುಕೊಂಡು ಬೀಗತಿ ಪಕ್ಕದಲ್ಲಿ ನೀರಿನ ಚೊಂಬು ಹಿಡಿದು ನಿಂತಿದ್ದಳು.

"ಪುಂಡಿಪಲ್ಯ ಹೆಂಗ್ ಆಗೈತ್ರಿ ಬೀಗತಿ?" ಎಂದು ನನ್ನನ್ನೇ ಕೇಳಿದಳು, ನನಗೂ ಒಂದು ರೊಟ್ಟಿ ಕೊಟ್ಟು.

ನಾನು ಒಂದು ತುತ್ತು ಅಗಿದೆ. "ಚಲೋ ಆಗೈತ್ರಿ" ಎಂದೆ. ಅಂಥ ಸುಳ್ಳನ್ನು ಅವಳಿಗೆ ಹೇಳಿದ್ದು ನನ್ನ ಜೀವಮಾನದಲ್ಲಿ ಅದೊಂದೇ ಸಲ.